ರಾಗಿ ಮೆದೆ ಕಾಯುತ್ತೆ, ಚಳಿ ಕಾಯಲ್ಲ

ಅರಸೀಕೆರೆ ಕಡೆ ನವೆಂಬರ್-ಡಿಸೆಂಬರ್ ಎಂದರೆ ರಾಗಿ ಕುಯ್ಲು. ಅದೇ ಹೊತ್ತಿಗೆ ಹಳೇಬೀಡು, ಬೇಲೂರಿಗೆ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಶಾಲೆ ಮಕ್ಕಳ ಟೂರು, ಅಯ್ಯಪ್ಪನ ಮಾಲೆ ಹಾಕಿದವರ ಯಾತ್ರೆ, ಕ್ರಿಸ್‌ಮಸ್ ರಜೆ, ಹೊಸ ವರ್ಷ... ಸಂಕ್ರಾಂತಿವರೆಗೂ ಜನವೋ ಜನ. ಮನೆಯಲ್ಲಿ ಕೂತು ಉಲ್ಲನ್ ಹೆಣೆದು ಮಾರುವ ನನ್ನಂಥವರಿಗೆ ಎರಡೂ ಸುಗ್ಗಿ ಒಟ್ಟಿಗೇ ಬರುತ್ತವೆ. ಒಂದು ಹೊಲದ್ದು, ಇನ್ನೊಂದು ಕಡ್ಡಿಯದ್ದು.

ನಮ್ಮದು ಎರಡೂವರೆ ಎಕರೆ. ಒಂದು ಎಕರೆ ತೆಂಗು, ಉಳಿದದ್ದು ರಾಗಿ, ಸಾಲಿನಲ್ಲಿ ಅವರೆ. ಎರಡು ಹಸು. ಮನೆಯಲ್ಲಿ ಯಜಮಾನರು, ಅತ್ತೆ, ಪಿಯುಸಿ ಓದುವ ಮಗಳು. ಹೆಣಿಗೆ ನನಗೆ ಮೊದಲಿಂದ ಗೊತ್ತಿತ್ತು. ಮನೆಯವರಿಗೆ, ನೆಂಟರ ಮಕ್ಕಳಿಗೆ ಹಾಕಿಕೊಡುತ್ತಿದ್ದೆ. ಮಾರೋಕೆ ಅಂತ ಹೆಣೆಯಲು ಶುರುಮಾಡಿದ್ದು 2023ರಲ್ಲಿ. ಆ ವರ್ಷ ರಾಜ್ಯದ ಬಹುಪಾಲು ತಾಲ್ಲೂಕುಗಳಿಗೆ ಬರ ಬಡಿದದ್ದು ನಿಮಗೆಲ್ಲ ನೆನಪಿದೆ. ನಮ್ಮ ಕೊಳವೆಬಾವಿ ಕೈಕೊಟ್ಟಿತು. ತೆಂಗಿನ ಸುಳಿ ಬಾಡಿತು, ರಾಗಿ ತೆನೆ ಕಟ್ಟಲಿಲ್ಲ. ಹಸುಗಳಿಗೆ ಹುಲ್ಲನ್ನೂ ಕೊಂಡು ತರಬೇಕಾಯಿತು. ಮನೆಗೆ ಕಾಸು ಬರುವ ಬೇರೆ ದಾರಿ ಬೇಕಿತ್ತು.

ಮೂರು ಹಂಗಾಮು ಕಳೆದಿವೆ. ಇದರಲ್ಲಿ ನಿಜವಾಗಿ ಎಷ್ಟು ಉಳಿಯುತ್ತೆ, ಎಷ್ಟು ಹೊತ್ತು ಹಿಡಿಯುತ್ತೆ, ಯಾವ ಕೆಲಸ ಒಪ್ಪಬಹುದು, ಯಾವುದನ್ನು ಬಿಡಬೇಕು ಎಂದು ನನ್ನ ಪುಸ್ತಕ ನೋಡಿಯೇ ಬರೆಯುತ್ತಿದ್ದೇನೆ. ‘ಉಪಕಸುಬು ಮಾಡಿ’ ಎಂದು ಹೇಳುವವರು ಬಹಳ. ಲೆಕ್ಕ ಹೇಳುವವರು ಕಡಿಮೆ.

ಎರಡು ಸುಗ್ಗಿ ಹೊಂದಿಸುವುದು

ಕುಯ್ಲಿಗೆ ಬಂದ ರಾಗಿ ನಿಲ್ಲಲ್ಲ. ಕುಯ್ಯಬೇಕು, ಅರಿ ಒಣಗಬೇಕು, ಕಂತೆ ಕಟ್ಟಿ ಮೆದೆ ಒಟ್ಟಬೇಕು. ಈ ನಡುವೆ ಒಂದು ಮಳೆ ಬಿದ್ದರೆ ಹುಲ್ಲೂ ಹಾಳು, ಕಾಳೂ ಕಪ್ಪು. ಆದರೆ ಒಮ್ಮೆ ಮೆದೆ ಒಟ್ಟಿದಿರೋ, ಆಮೇಲೆ ಅವಸರವಿಲ್ಲ. ಸಂಕ್ರಾಂತಿ ಕಳೆದ ಮೇಲೂ ಬಡಿಯಬಹುದು. ‘ಮೆದೇಲಿ ಕೂತ ರಾಗಿ ಇನ್ನೂ ಚೆನ್ನಾಗಾಗುತ್ತೆ ಕಣವ್ವ’ ಎನ್ನುತ್ತಾರೆ ನಮ್ಮತ್ತೆ.

ಉಲ್ಲನ್‌ಗೆ ಈ ಸೌಲಭ್ಯವಿಲ್ಲ. ಚಳಿ ಹೋದ ಮೇಲೆ ಟೋಪಿ ಯಾರಿಗೂ ಬೇಡ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತೆ ಎಂಬ ಮಾತೇ ಉಂಟಲ್ಲ! ನಮ್ಮ ಮಾರಾಟ ಅದಕ್ಕೂ ಒಂದು ತಿಂಗಳು ಮೊದಲೇ ಮುಗಿಯುತ್ತೆ. ಹಾಗಾಗಿ ನಮ್ಮ ಮನೆಯಲ್ಲಿ ಈಗ ಒಂದು ಕ್ರಮ ಮಾಡಿಕೊಂಡಿದ್ದೇವೆ. ಮೆದೆ ಒಟ್ಟುವ ತನಕ ಹೊಲ ಮುಂದೆ, ಹೆಣಿಗೆ ಹಿಂದೆ. ಮೆದೆ ಒಟ್ಟಿದ ಮಾರನೇ ದಿನದಿಂದ ಹೆಣಿಗೆ ಮುಂದೆ. ಒಕ್ಕಣೆ ಸಂಕ್ರಾಂತಿ ಆದ ಮೇಲೆ.

ಡಿಸೆಂಬರಿನ ನನ್ನ ಒಂದು ದಿನ ಹೀಗಿರುತ್ತೆ. ಐದಕ್ಕೆ ಎದ್ದು ಕೊಟ್ಟಿಗೆ, ಹಾಲು. ಆರೂವರೆಗೆ ಡೇರಿಗೆ ಹಾಲು ಹಾಕಿ ಬಂದು ಅಡುಗೆ. ಒಂಬತ್ತರಿಂದ ಹನ್ನೊಂದೂವರೆ ಹೆಣಿಗೆ, ಜಗಲಿಯ ಬಿಸಿಲಲ್ಲಿ. ಆಮೇಲೆ ತೋಟದ ಕೆಲಸ, ಹುಲ್ಲು, ಅವರೆ ಬಿಡಿಸುವುದು. ಮಧ್ಯಾಹ್ನ ಹಸು ಮೇಯಿಸುವಾಗ ಒಂದು ಗಂಟೆ ಕಡ್ಡಿ ಆಡುತ್ತೆ. ಸಂಜೆ ಮತ್ತೆ ಹಾಲು, ಅಡುಗೆ. ಊಟವಾದ ಮೇಲೆ ಒಂದೂವರೆ ಗಂಟೆ. ಒಟ್ಟು ನಾಲ್ಕೂವರೆಯಿಂದ ಐದು ಗಂಟೆ. ಇದಕ್ಕಿಂತ ಜಾಸ್ತಿ ಹೆಣೆದರೆ ಹೆಗಲು, ಹೆಬ್ಬೆರಳ ಬುಡ ಎರಡೂ ಮಾತಾಡುತ್ತವೆ.

ಕುಯ್ಲಿನ ದಿನಗಳ ಇನ್ನೊಂದು ತೊಂದರೆ ಕೈಯದು. ರಾಗಿ ಕುಯ್ದ ಕೈ ಒರಟಾಗಿ ಸೀಳು ಬಿಡುತ್ತೆ. ಅದಕ್ಕೆ ಎಳೆ ಸಿಕ್ಕಿ ಜಗ್ಗುತ್ತೆ. ಹೆಣೆಯುವ ಮುಂಚೆ ಎಣ್ಣೆ ಹಚ್ಚಿದರೆ ಉಲ್ಲನ್‌ಗೆ ಕಲೆ. ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ತಿಕ್ಕಿ, ಬೆಳಗ್ಗೆ ಸೀಗೆಪುಡಿಯಲ್ಲಿ ತೊಳೆದುಕೊಳ್ಳುವುದೇ ಸರಿ. ಕುಯ್ಯುವಾಗ ಎಡಗೈಗೆ ಹಳೇ ಕಾಲುಚೀಲ ತೊಡುವುದನ್ನೂ ರೂಢಿ ಮಾಡಿಕೊಂಡಿದ್ದೇನೆ.

ಎಲ್ಲಿ, ಯಾರಿಗೆ, ಯಾವಾಗ

ಬೇಲೂರಿನ ಚೆನ್ನಕೇಶವ ದೇವಸ್ಥಾನ ವಿಷ್ಣುವರ್ಧನನ ಕಾಲದ್ದು, 1117ರದು. ಹಳೇಬೀಡಿನ ಹೊಯ್ಸಳೇಶ್ವರವೂ ಅದೇ ಶತಮಾನದ್ದು. ನಮ್ಮ ಅರಸೀಕೆರೆಯಲ್ಲೂ 1220ರ ಸುಮಾರಿನ ಈಶ್ವರ ದೇವಾಲಯವಿದೆ. ಆದರೆ ಪ್ರವಾಸಿಗಳು ಇಲ್ಲಿಗೆ ಬರುವುದು ಕಡಿಮೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮ್ಮಂಥವರಿಗೆ ಅದಕ್ಕಿಂತ ಹತ್ತಿರದ ಸುದ್ದಿ ಅದೇ ವರ್ಷದ ಜೂನ್ 11ರದು. ಅಂದಿನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಬಾಣಾವರ, ಜಾವಗಲ್ ದಾರಿಯಾಗಿ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಹೋಗಿಬರಲು ಕಾಸು ಖರ್ಚಿಲ್ಲ. ಬಸ್ ಚಾರ್ಜು ಕೊಟ್ಟು ಹತ್ತು ಟೋಪಿ ಮಾರಲು ಹೋಗಿದ್ದರೆ ಲಾಭದ ಅರ್ಧ ದಾರಿಯಲ್ಲೇ ಹೋಗುತ್ತಿತ್ತು. ಬಸ್ಸಿನಲ್ಲಿ ಕೂತ ಹೊತ್ತಲ್ಲೂ ಒಂದು ಮಫ್ಲರ್ ಗೇಣುದ್ದ ಬೆಳೆಯುತ್ತೆ.

ಗಿರಾಕಿಗಳು ಮೂರು ಬಗೆ. ಮೊದಲನೆಯವರು ಶಾಲೆ ಮಕ್ಕಳು. ರಾತ್ರಿ ಊರು ಬಿಟ್ಟ ಬಸ್ಸುಗಳು ಬೆಳಗಿನ ಜಾವ ಹಳೇಬೀಡಿಗೆ ಬಂದು ನಿಲ್ಲುತ್ತವೆ. ಬಯಲುಸೀಮೆ ಮಕ್ಕಳು ತೆಳು ಅಂಗಿಯಲ್ಲಿ ನಡುಗುತ್ತಾ ಇಳಿಯುತ್ತವೆ. ಟೋಪಿ ಹೋಗುವುದು ಆಗಲೇ, ಏಳರಿಂದ ಒಂಬತ್ತರೊಳಗೆ. ಬಿಸಿಲೇರಿದ ಮೇಲೆ ಅದೇ ಮಗು ಐಸ್‌ಕ್ರೀಮ್ ಕೇಳುತ್ತೆ. ಆದರೆ ಮಕ್ಕಳ ಜೇಬಿನಲ್ಲಿ ಇರುವುದೇ ನೂರು-ಇನ್ನೂರು. ಅದಕ್ಕೆ ಸಣ್ಣ ಟೋಪಿ, ಕಿವಿಪಟ್ಟಿಯಂಥದು ಬೇಕು.

ಎರಡನೆಯವರು ಅಯ್ಯಪ್ಪ ಭಕ್ತರು. ನವೆಂಬರ್ ಮಧ್ಯದಿಂದ ಮಕರ ಸಂಕ್ರಾಂತಿವರೆಗೆ ಬರುತ್ತಲೇ ಇರುತ್ತಾರೆ. ಇವರಿಗೆ ಮಫ್ಲರ್ ಬೇಕು, ಅದೂ ಕಪ್ಪು. ಕಪ್ಪು ಹೆಣೆಯುವುದು ಕಣ್ಣಿಗೆ ಕಷ್ಟ. ರಾತ್ರಿ ಬಲ್ಬಿನ ಬೆಳಕಲ್ಲಿ ಕುಣಿಕೆ ಕಾಣುವುದಿಲ್ಲ. ಕಪ್ಪೆಲ್ಲ ಹಗಲಿಗೆ, ತಿಳಿ ಬಣ್ಣ ರಾತ್ರಿಗೆ ಎಂದು ಹಂಚಿಕೊಂಡರೆ ಈ ತೊಂದರೆ ಇಲ್ಲ.

ಮೂರನೆಯವರು ಕಾರಿನಲ್ಲಿ ಬರುವ ಸಂಸಾರಗಳು. ಚಿಕ್ಕಮಗಳೂರಿನ ಬೆಟ್ಟಗಳಿಗೆ ಹೋಗುವ ದಾರಿಯಲ್ಲಿ ಬೇಲೂರಿನಲ್ಲಿ ಇಳಿಯುತ್ತಾರೆ. ಕೂಸುಗಳಿಗೆ ಸ್ವೆಟರ್, ಕುಲಾವಿ, ಕಾಲುಚೀಲದ ಸೆಟ್ಟು ಕೊಳ್ಳುವವರು ಇವರೇ. ‘ಕೈಯಲ್ಲೇ ಹಾಕಿದ್ದಾ?’ ಎಂದು ಕೇಳಿ, ಹೌದು ಎಂದರೆ ಚೌಕಾಸಿ ಕಡಿಮೆ ಮಾಡುತ್ತಾರೆ. ಕೈಯಲ್ಲಿ ಕಡ್ಡಿ ಆಡುತ್ತಿದ್ದರೆ ಕೇಳುವ ಪ್ರಶ್ನೆಯೇ ಇಲ್ಲ.

ಮಧ್ಯಾಹ್ನ ದೇವಸ್ಥಾನದ ಕಲ್ಲು ಕಾದಾಗ ದೊಡ್ಡವರೂ ಕಾಲುಚೀಲ ಕೇಳುವುದುಂಟು. ಅದಕ್ಕೆ ಹತ್ತಿಯದೇ ಸರಿ. ಉಲ್ಲನ್ ಚೀಲ ಕಲ್ಲಿನ ಮೇಲೆ ತೇದುಹೋಗುತ್ತೆ. ಹೀಗಾಗಿ ನಾನು ದೊಡ್ಡವರ ಕಾಲುಚೀಲಕ್ಕೆ ಕೈ ಹಾಕಿಲ್ಲ.

ನಮ್ಮ ಎದುರಾಳಿ ಲೂಧಿಯಾನ. ಚಳಿಗಾಲ ಬಂತೆಂದರೆ ನಮ್ಮ ಪಟ್ಟಣಗಳಿಗೆ ಟಿಬೆಟಿನವರು ಸ್ವೆಟರ್ ಮಾರಲು ಬರುತ್ತಾರೆ. ಆ ಮಾಲು ಬಹುತೇಕ ಅಲ್ಲಿನ ಯಂತ್ರದಲ್ಲಿ ಹೆಣೆದದ್ದು. ಬೆಲೆಯಲ್ಲಿ ಅದರ ಜತೆ ಗುದ್ದಾಡಿ ಗೆಲ್ಲಲಾಗದು. ಯಂತ್ರ ಕೊಡದ್ದನ್ನು ಕೊಟ್ಟರಷ್ಟೇ ನಮಗೆ ಜಾಗ. ಕೂಸಿನ ಸೆಟ್ಟು, ಕೇಳಿದ ಅಳತೆ, ಕೇಳಿದ ಬಣ್ಣ, ಬಟ್ಟೆ ಚಿಕ್ಕದಾದರೆ ಬಿಚ್ಚಿ ದೊಡ್ಡದು ಮಾಡಿಕೊಡುವುದು ಇವೇ ನಮ್ಮ ದಾರಿ.

ಒಂದು ಹಂಗಾಮಿನ ಲೆಕ್ಕ

ಇದು 2024ರ ನವೆಂಬರ್ 1ರಿಂದ 2025ರ ಜನವರಿ 15ರವರೆಗಿನದು, ಒಟ್ಟು 76 ದಿನ. ಉಲ್ಲನ್ ಎಂದು ನಾವು ಕರೆಯುವುದು ನಿಜದಲ್ಲಿ ಅಕ್ರಿಲಿಕ್ ನೂಲು. ಸಗಟಿನಲ್ಲಿ ಕಿಲೋಗೆ 600 ರೂ.ನಂತೆ ಕೊಂಡೆ.

ಟೋಪಿ 40. ಒಂದಕ್ಕೆ 80 ಗ್ರಾಂ ನೂಲು, 4 ಗಂಟೆ ಕೆಲಸ. ಕೂಸಿನ ಸೆಟ್ಟು 8. ಒಂದಕ್ಕೆ 200 ಗ್ರಾಂ, 14 ಗಂಟೆ. ಮಫ್ಲರ್ 12. ಒಂದಕ್ಕೆ 150 ಗ್ರಾಂ, 7 ಗಂಟೆ. ಒಟ್ಟು ನೂಲು 6.6 ಕಿಲೋ, ಹೊತ್ತು 356 ಗಂಟೆ.

ಖರ್ಚು: ನೂಲಿಗೆ 3960 ರೂ., ಗುಂಡಿ-ರಿಬ್ಬನ್‌ಗೆ 140, ಹೋಗಿಬರುವಾಗ ಕಾಫಿ-ತಿಂಡಿಗೆ 350. ಒಟ್ಟು 4450 ರೂ.

ಆದಾಯ: ಅಂಗಡಿಗೆ ಕೊಟ್ಟ 25 ಟೋಪಿ, 130ರಂತೆ 3250. ನಾನೇ ಮಾರಿದ 15 ಟೋಪಿ, 200ರಂತೆ 3000. ಸೆಟ್ಟು 550ರಂತೆ 4400. ಮಫ್ಲರ್ 250ರಂತೆ 3000. ಒಟ್ಟು 13,650 ರೂ.

ಉಳಿದದ್ದು 9200 ರೂ. ಆ ಸಾಲಿನ ರಾಗಿ ಬೆಂಬಲ ಬೆಲೆ ಕ್ವಿಂಟಾಲ್‌ಗೆ 4290 ರೂ. ಇತ್ತು. ಅಂದರೆ ಎರಡು ಕ್ವಿಂಟಾಲ್ ರಾಗಿಗಿಂತ ಸ್ವಲ್ಪ ಮೇಲೆ. ಹಾಗೆ ನೋಡಿದರೆ ಚೆನ್ನಾಗೇ ಇದೆ. ಆದರೆ ಗಂಟೆಗೆ ಭಾಗಿಸಿ ನೋಡಿ. 26 ರೂ. ಕೂಡ ಆಗಲ್ಲ! ನಮ್ಮೂರಲ್ಲಿ ರಾಗಿ ಕುಯ್ಲಿಗೆ ಹೋದ ಹೆಂಗಸಿಗೆ ಆ ವರ್ಷ 7 ಗಂಟೆಗೆ 400 ರೂ. ಕೂಲಿ ಇತ್ತು, ಗಂಟೆಗೆ 57. ಹೆಣಿಗೆಯಲ್ಲಿ ಅದರ ಅರ್ಧವೂ ಇಲ್ಲ.

ಹಾಗಾದರೆ ಯಾಕೆ ಮಾಡಬೇಕು? ನನ್ನ ಉತ್ತರ ಇಷ್ಟೇ. ರಾತ್ರಿ ಒಂಬತ್ತಕ್ಕೆ ನನ್ನನ್ನು ಯಾರೂ ಕೂಲಿಗೆ ಕರೆಯಲ್ಲ. ಬಸ್ಸಿನಲ್ಲಿ ಕೂತ ಗಂಟೆಗೆ, ಹಸು ಕಾಯುವ ಗಂಟೆಗೆ ಬೇರೆ ಬೆಲೆಯೇ ಇಲ್ಲ. ಬೆಲೆಯಿಲ್ಲದ ಹೊತ್ತಿಗೆ 26 ರೂ. ಬಂದರೆ ಅದು ಗಳಿಕೆ. ಕೂಲಿಗೆ ಹೋಗಬಹುದಾದ ಹಗಲನ್ನು ಬಿಟ್ಟು ಹೆಣೆಯಲು ಕೂತರೆ ಅದು ನಷ್ಟ. ಸ್ವಂತ ಹೊಲದ ಕುಯ್ಲು ಬಿಟ್ಟು ಆಳು ಹಚ್ಚಿ ಹೆಣೆದರಂತೂ ಇನ್ನೂ ದೊಡ್ಡ ನಷ್ಟ.

ಇನ್ನೊಂದು ವಿಷಯ. ಅಂಗಡಿಗೆ ಕೊಟ್ಟ ಟೋಪಿಯಲ್ಲಿ ಗಂಟೆಗೆ ಸಿಕ್ಕಿದ್ದು 20 ರೂ., ನಾನೇ ಮಾರಿದ್ದರಲ್ಲಿ 38. ಮಫ್ಲರ್‌ನಲ್ಲಿ 23, ಕೂಸಿನ ಸೆಟ್ಟಿನಲ್ಲಿ 30. ಸೆಟ್ಟು ಹೆಚ್ಚು ಮಾಡಬೇಕೆಂಬುದು ಇದರಿಂದಲೇ ತಿಳಿಯಿತು. ನಾನೇ ಮಾರಲು ನಿಂತ ಹೊತ್ತು ಇದರಲ್ಲಿ ಸೇರಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಆದರೆ ನಿಂತಾಗಲೂ ಕಡ್ಡಿ ನಿಲ್ಲಲ್ಲ.

ಇನ್ನೂರು ಟೋಪಿಯ ಆರ್ಡರ್

ಅದೇ ವರ್ಷ ನವೆಂಬರ್ ಕೊನೆಗೆ ಒಬ್ಬ ವ್ಯಾಪಾರಿ ನಮ್ಮೂರಿಗೇ ಬಂದರು. ‘ಕ್ರಿಸ್‌ಮಸ್ ಒಳಗೆ ಇನ್ನೂರು ಟೋಪಿ ಬೇಕು. ನೂಲು ನಂದು. ಒಂದಕ್ಕೆ ಐವತ್ತು ರೂಪಾಯಿ ಕೂಲಿ. ಎಲ್ಲಾ ಸೇರಿ ಹಂಚ್ಕೊಳಿ’ ಎಂದರು. ಹತ್ತು ಸಾವಿರ ಎಂದ ಕೂಡಲೇ ಎಲ್ಲರ ಕಣ್ಣೂ ಅರಳಿತು.

ಊರಿನಲ್ಲಿ ಹೆಣೆಯುವವರು ಆರು ಜನ. ಸಂಜೆ ನಮ್ಮ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದೆವು. ಇನ್ನೂರು ಟೋಪಿಗೆ 800 ಗಂಟೆ. ಗಂಟೆಗೆ 12 ರೂ. 50 ಪೈಸೆ. ಮೆದೆ ಒಟ್ಟುವ ವಾರ ಬೇರೆ. ಆರೂ ಜನ ಒಂದು ಮಾತಿಗೆ ಬಂದೆವು: ಟೋಪಿಗೆ 80 ರೂ. ಕೂಲಿಗಿಂತ ಕಡಿಮೆಗೆ ಬೇಡ. ವ್ಯಾಪಾರಿ ಒಪ್ಪಲಿಲ್ಲ, ಹೊರಟುಹೋದರು.

ಮೂರನೇ ದಿನ ಇಬ್ಬರು ಐವತ್ತಕ್ಕೇ ಒಪ್ಪಿ ನೂಲು ತಂದರು. ಊರಲ್ಲಿ ಮಾತಾಯಿತು. ನನಗೂ ಮೊದಲು ಸಿಟ್ಟು ಬಂದದ್ದು ನಿಜ. ಅವರಲ್ಲಿ ಒಬ್ಬಾಕೆ ಬಂದು ಹೇಳಿದ್ದು ಇಷ್ಟು: ‘ಅಕ್ಕಾ, ನಿಂಗೆ ಎರಡು ಹಸ ಅವೆ, ಹದಿನೈದು ದಿನಕ್ಕೊಂದ್ಸಲ ಡೇರಿ ಬಟವಾಡೆ ಆಗುತ್ತೆ. ನಂಗೇನೈತೆ? ಓಲೆ ಅಡ ಇಟ್ಟಿವ್ನಿ, ಬಡ್ಡಿ ಕಟ್ಬೇಕು. ಬ್ಯಾಡ ಅನ್ನಾಕೂ ಕಾಸು ಬೇಕಲ್ವಾ?’

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ತೆಂಗಿನಕಾಯಿ ವ್ಯಾಪಾರದಲ್ಲಿ ಆಗುವುದೂ ಇದೇ ಅಲ್ಲವೇ? ಕೊಬ್ಬರಿ ಮಾಡಿ ಅಟ್ಟದಲ್ಲಿಟ್ಟು ಕಾಯುವ ಶಕ್ತಿ ಇದ್ದವನಿಗೆ ಬೆಲೆ ಸಿಗುತ್ತೆ. ಇವತ್ತೇ ಕಾಸು ಬೇಕಾದವನು ಬಂದ ಬೆಲೆಗೆ ಹಸಿ ಕಾಯಿ ಕೊಡುತ್ತಾನೆ.

ಈ ಕಥೆ ನಮ್ಮೂರಿನದೊಂದೇ ಅಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕೆ ಶೆಟ್ಲೆಂಡ್ ಎಂಬ ದ್ವೀಪಗಳಿವೆ. ಅಲ್ಲಿಯವರೂ ಸಣ್ಣ ರೈತರೇ. ಹೆಂಗಸರು ಉರುವಲಿನ ಬುಟ್ಟಿಯನ್ನು ಬೆನ್ನಿಗೆ ಹೊತ್ತು ನಡೆಯುತ್ತಲೇ ಹೆಣೆಯುತ್ತಿದ್ದರು. ಆದರೆ ವರ್ತಕರು ಅವರ ಹೆಣಿಗೆಗೆ ದುಡ್ಡು ಕೊಡದೆ, ಬದಲಿಗೆ ತಮ್ಮ ಅಂಗಡಿಯ ಚಹಾಪುಡಿ, ಬಟ್ಟೆ ಕೊಡುತ್ತಿದ್ದರು. ಈ ಪದ್ಧತಿಯ ಬಗ್ಗೆ 1872ರಲ್ಲಿ ಬ್ರಿಟಿಷ್ ಸರ್ಕಾರವೇ ವಿಚಾರಣೆ ನಡೆಸಬೇಕಾಯಿತು. ಹೆಣೆಯುವವಳ ಕೈಗೆ ನಗದು ಬಾರದಿದ್ದರೆ ಬೆಲೆ ಹೇಳುವ ಬಾಯಿಯೂ ಅವಳದಾಗಿರುವುದಿಲ್ಲ.

ಮುಂದಿನ ಹಂಗಾಮಿಗೆ ನಾವು ಮಾಡಿದ್ದು ದೊಡ್ಡದೇನಲ್ಲ. ನಮ್ಮ ಮಹಿಳಾ ಸಂಘದಲ್ಲಿ ಶ್ರಾವಣದಲ್ಲೇ ನೂಲಿಗೆಂದು ಸಾಲ ತೆಗೆದು ಆರು ಜನಕ್ಕೂ ಒಟ್ಟಿಗೆ ಸಗಟಿನಲ್ಲಿ ತಂದೆವು. ನವೆಂಬರಿನಲ್ಲಿ ಕೊಂಡರೆ ಬೆಲೆ ಹೆಚ್ಚು, ಬೇಕಾದ ಬಣ್ಣವೂ ಇರುವುದಿಲ್ಲ. ನೂಲು ನಮ್ಮದೇ ಆದಾಗ ಮಾಲೂ ನಮ್ಮದು. ಸರದಿಯಂತೆ ಇಬ್ಬಿಬ್ಬರು ಹೋಗಿ ಎಲ್ಲರ ಮಾಲನ್ನೂ ಮಾರುತ್ತೇವೆ. ಓಲೆ ಅಡವಿಟ್ಟಾಕೆಗೆ ಮೊದಲ ವಾರದ ಮಾರಾಟದ ಹಣ ಮೊದಲು ಎಂದು ಮಾತಾಗಿದೆ. 2025ರಲ್ಲಿ ಐವತ್ತರ ಕೂಲಿಗೆ ಆರರಲ್ಲಿ ಯಾರೂ ಹೋಗಲಿಲ್ಲ. ಇದು ಎಷ್ಟು ವರ್ಷ ನಿಲ್ಲುತ್ತೋ ನೋಡಬೇಕು. ಆದರೆ ಒಗ್ಗಟ್ಟು ಬರೀ ಮಾತಿನಿಂದ ಬರಲ್ಲ, ಕಷ್ಟದಲ್ಲಿದ್ದವಳ ಕೈಗೆ ಮೊದಲು ಕಾಸು ಬಂದರೆ ಬರುತ್ತೆ ಎಂಬುದು ಗೊತ್ತಾಗಿದೆ.

ನಮ್ಮ ಕುರಿಯ ಉಣ್ಣೆ ಯಾಕಲ್ಲ?

ಬಹಳ ಜನ ಕೇಳುವ ಪ್ರಶ್ನೆ ಇದು. ನಮ್ಮ ಕಡೆಯ ಕುರಿಯ ತುಪ್ಪಟ ದಪ್ಪ, ಒರಟು. ಕಂಬಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ನೂಲಿಗೆ ಹುಣಸೆಬೀಜದ ಗಂಜಿ ಕೊಟ್ಟು ನೇಯ್ದ ಕಂಬಳಿ ಗೊಪ್ಪೆ ಹಾಕಿಕೊಂಡರೆ ಮಳೆಯೂ ಬೇಗ ಒಳಗಿಳಿಯಲ್ಲ. ಆದರೆ ಅದೇ ನೂಲಿನ ಟೋಪಿ ಕೂಸಿನ ಹಣೆಗೆ ಚುಚ್ಚುತ್ತೆ. ನಯವಾದ ಸ್ವೆಟರಿಗೆ ಬೇಕಾದ ಎಳೆ ಮೆರಿನೋದಂಥ ಬೇರೆ ತಳಿಯದು.

ಅಂಗಡಿಯ ನೂಲು ನಿಜವಾದ ಉಣ್ಣೆಯೋ ಅಲ್ಲವೋ ತಿಳಿಯಲು ಗೇಣುದ್ದ ಎಳೆಯನ್ನು ಚಿಮುಟದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತೆ. ಅಕ್ರಿಲಿಕ್ ಕರಗಿ ಕರೀ ಗಟ್ಟಿ ಮಣಿಯಾಗುತ್ತೆ. ಈ ಕಾರಣಕ್ಕೇ ಅಕ್ರಿಲಿಕ್ ಸ್ವೆಟರ್ ಹಾಕಿಕೊಂಡು ಸೌದೆ ಒಲೆಯ ಮುಂದೆ ಬಗ್ಗಿ ಕೂರಬಾರದು. ಕಿಡಿ ಹಾರಿದರೆ ಕರಗಿ ಚರ್ಮಕ್ಕೆ ಅಂಟುತ್ತೆ. ಚಳಿಗೆ ಬೆಂಕಿ ಕಾಯಿಸುವ ಮಕ್ಕಳಿಗೂ ಇದನ್ನು ಹೇಳಿಡಿ.

ಹೊಸದಾಗಿ ತೊಡಗುವವರಿಗೆ

* ಯಾವ ನೂಲೇ ಇರಲಿ, ಮೊದಲು ನಾಲ್ಕು ಇಂಚು ಅಗಲದ ಮಾದರಿ ತುಂಡು ಹೆಣೆಯಿರಿ. ಇಂಚಿಗೆ ಎಷ್ಟು ಕುಣಿಕೆ ಎಂದು ಎಣಿಸಿ, ತಲೆಯ ಸುತ್ತಳತೆಯಿಂದ ಗುಣಿಸಿ. ಟೋಪಿ ಹಿಗ್ಗುವುದರಿಂದ ಎರಡು ಇಂಚಿನಷ್ಟು ಕಮ್ಮಿ ಹಾಕಿ. ಇಂಚಿಗೆ 5 ಕುಣಿಕೆ, ಮಗುವಿನ ತಲೆ 18 ಇಂಚು ಇದ್ದರೆ 80 ಕುಣಿಕೆ ಸಾಕು.

* ಟೋಪಿಯ ಅಂಚಿಗೆ ಒಂದು ಸೀದಾ, ಒಂದು ಉಲ್ಟಾ ಹೆಣಿಗೆ ಹಾಕಿ. ಹಿಗ್ಗಿ ಮತ್ತೆ ಕುಗ್ಗುತ್ತೆ.

* ಕೂಸಿನ ಸ್ವೆಟರಿಗೆ ಕುತ್ತಿಗೆ ಸುತ್ತ ದಾರ ಬೇಡ. ಗುಂಡಿಗಳನ್ನು ಎರಡೆರಡು ಸಲ ಹೊಲಿಯಿರಿ. ಕೂಸು ಮೊದಲು ಬಾಯಿ ಹಾಕುವುದೇ ಅದಕ್ಕೆ.

* ಒಂದೇ ಬಣ್ಣದ ನೂಲನ್ನು ಒಮ್ಮೆಗೇ ಕೊಳ್ಳಿ. ಮತ್ತೆ ತಂದದ್ದರ ಬಣ್ಣ ಒಂದು ಗುಲಗಂಜಿ ಬೇರೆಯಾಗಿರುತ್ತೆ.

* ‘ಮಾರಾಟ ಆದ್ರೆ ದುಡ್ಡು, ಇಲ್ದಿದ್ರೆ ವಾಪಸ್’ ಎನ್ನುವ ಅಂಗಡಿಗೆ ಐದಕ್ಕಿಂತ ಹೆಚ್ಚು ಕೊಡಬೇಡಿ. ಜನವರಿ ಕೊನೆಗೆ ವಾಪಸ್ ಬಂದ ಟೋಪಿ ಮುಂದಿನ ನವೆಂಬರಿನ ತನಕ ಪೆಟ್ಟಿಗೆಯಲ್ಲೇ ಕೂರುತ್ತೆ.

* ಸಂಕ್ರಾಂತಿ ನಂತರ ಹೊಸ ನೂಲು ಕೊಳ್ಳಬೇಡಿ. ಉಳಿದ ಚೂರುಪಾರು ಎಳೆಗಳಲ್ಲಿ ಪಟ್ಟೆಪಟ್ಟೆಯ ಸಣ್ಣ ಟೋಪಿ ಹಾಕಿಡಿ. ಶಾಲೆ ಮಕ್ಕಳು ಆಸೆಪಟ್ಟು ಕೊಳ್ಳುವುದು ಅದನ್ನೇ.

ಎಲ್ಲಕ್ಕಿಂತ ಮುಖ್ಯವಾದದ್ದು ಪುಸ್ತಕ. ಎಷ್ಟು ನೂಲು, ಎಷ್ಟು ಬೆಲೆ ಎಂದು ಎಲ್ಲರೂ ಬರೆಯುತ್ತಾರೆ. ಎಷ್ಟು ಗಂಟೆ ಎಂಬುದನ್ನೂ ಬರೆಯಿರಿ. ಹೆಂಗಸರ ಹೊತ್ತಿಗೆ ಲೆಕ್ಕವೇ ಇಲ್ಲ ಎಂದುಕೊಂಡವರ ಎದುರು ಬೆಲೆ ಹೇಳುವಾಗ ಆ ಒಂದು ಸಾಲು ಬಹಳ ಕೆಲಸಕ್ಕೆ ಬರುತ್ತೆ. ಹಸು ಸಾಕಣೆ, ಹಪ್ಪಳ, ಪೊರಕೆ, ಬುಟ್ಟಿ, ನಿಮ್ಮ ಮನೆಯ ಕಸುಬು ಯಾವುದೇ ಇರಲಿ, ಗಂಟೆಯ ಲೆಕ್ಕ ಹಾಕಿ ನೋಡಿ. ಏನು ಬಂತೆಂದು ಈ ಪುಟಗಳಿಗೆ ನೀವೂ ಬರೆಯಿರಿ.